ಚಿಹ್ನೆ ನನ್ನದು, ಸರದಿ ಯಾರದು?

ಎರಡು ಸಂಖ್ಯೆಗಳ ನಡುವೆ ನಿಂತ + ಗುರುತಿಗೆ ‘ಕೂಡು’ ಎಂಬ ಅರ್ಥ ಹುಟ್ಟಿನಿಂದ ಬಂದದ್ದಲ್ಲ, ನಾವು ಕೊಟ್ಟದ್ದು. ಕೊಟ್ಟವರು ಹೊಸ ಅರ್ಥ ಸೇರಿಸಲೂಬಹುದು. ಸಿ++ ಭಾಷೆ ಈ ಅಧಿಕಾರವನ್ನು ಪ್ರೋಗ್ರಾಮರ್ ಕೈಗೆ ಕೊಟ್ಟಿತು. ಮ್ಯಾಟ್ರಿಕ್ಸ್‌ಗಳನ್ನು ಕೂಡುವುದಕ್ಕೂ ಪದಗಳನ್ನು ಜೋಡಿಸುವುದಕ್ಕೂ ಅದೇ + ಸಾಕು. ಇದೇ ಆಪರೇಟರ್ ಓವರ್‌ಲೋಡಿಂಗ್.

ಆದರೆ ಅಲ್ಲೊಂದು ಗೆರೆ ಇದೆ. ಚಿಹ್ನೆಯ ಅರ್ಥ ಬದಲಿಸಬಹುದು, ಅದರ ಸರದಿಯನ್ನು, ಅಂದರೆ ಯಾವ ಚಿಹ್ನೆಯ ಲೆಕ್ಕ ಮೊದಲು ಎಂಬುದನ್ನು, ಮುಟ್ಟುವಂತಿಲ್ಲ. ನಮ್ಮದೇ ಒಂದು ಸಂಖ್ಯಾ ಟೈಪ್ ರಚಿಸಿ, ^ ಚಿಹ್ನೆಗೆ ಘಾತದ ಅರ್ಥ ಕೊಟ್ಟೆವು ಎನ್ನೋಣ. ಅದರಲ್ಲಿ 2 + 3 ^ 2 ಎಂದು ಬರೆದರೆ ಶಾಲೆಯಲ್ಲಿ ಕಲಿತ 11 ಬರುವುದಿಲ್ಲ, 25 ಬರುತ್ತದೆ. ಆ ಭಾಷೆಯಲ್ಲಿ ^ ಗಿಂತ + ಗೆ ಮೊದಲ ಮಣೆ.

ಅರ್ಥವನ್ನು ಬಿಟ್ಟುಕೊಟ್ಟ ಭಾಷೆ ಸರದಿಯನ್ನು ಯಾಕೆ ಬಿಗಿಯಾಗಿ ಹಿಡಿಯಿತು? ಅರ್ಥವನ್ನಾದರೆ ಎಲ್ಲಿ ಬರೆದಿದೆಯೋ ಅಲ್ಲಿ ಹೋಗಿ ನೋಡಬಹುದು. ಸರದಿ ಸಾಲಿನಲ್ಲಿ ಕಾಣುವುದೇ ಇಲ್ಲ, ಓದುವವರ ತಲೆಯಲ್ಲಿರುತ್ತದೆ. ಅಗ್ರತಾಂಬೂಲ ಯಾರಿಗೆ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ, ಆದರೂ ಊರಿಗೆಲ್ಲ ಗೊತ್ತಿರುತ್ತದೆ. ಬರೆಯದೆ ನಡೆದು ಬಂದದ್ದನ್ನು ಒಬ್ಬನೇ ಬದಲಿಸಲು ಹೊರಟರೆ ಗೊಂದಲವಾಗದೆ ಇರದು.

ನಡೆದು ಬಂದ ಸರದಿಯನ್ನು ಬದಲಿಸುವುದು ಭಾಷೆ ಕಟ್ಟಿದವರಿಗೂ ಆಗಲಿಲ್ಲ. ಸಿ ಭಾಷೆಯ ಪೂರ್ವಜ ಭಾಷೆಗಳಲ್ಲಿ & ಎಂಬ ಒಂದೇ ಚಿಹ್ನೆ ಬಿಟ್‌ಗಳ ಕೆಲಸವನ್ನೂ ತರ್ಕದ ಕೆಲಸವನ್ನೂ ಮಾಡುತ್ತಿತ್ತು. ತರ್ಕಕ್ಕೆಂದೇ && ಬಂದ ಮೇಲೆ & ಅನ್ನು == ಗಿಂತ ಮೇಲಕ್ಕೆ ಏರಿಸಬೇಕಿತ್ತು. ಹಳೆಯ ಕೋಡ್ ಕೆಡಬಾರದೆಂದು ಸಿ ಕಟ್ಟಿದ ಡೆನಿಸ್ ರಿಚಿ ಹಾಗೆಯೇ ಬಿಟ್ಟರು. ಆಗ ಇದ್ದ ಕೋಡ್ ಕೆಲವು ನೂರು ಕಿಲೋಬೈಟ್ ಅಷ್ಟೇ. ಇಂದಿಗೂ ಸಿಯಲ್ಲಿ ‘ನ’ ಎಂಬ ಸಂಖ್ಯೆ ಸಮಸಂಖ್ಯೆ ಹೌದೋ ಅಲ್ಲವೋ ನೋಡಲು ‘ನ & 1 == 0’ ಎಂದು ಬರೆದರೆ ಮೊದಲು 1 == 0 ಲೆಕ್ಕವಾಗುತ್ತದೆ. ಅದು ಸುಳ್ಳು, ಅಂದರೆ ಸೊನ್ನೆ. ಸೊನ್ನೆಯೊಡನೆ ಸೇರಿದ್ದು ಸೊನ್ನೆಯೇ. ಯಾವ ಸಂಖ್ಯೆಯೂ ಸಮಸಂಖ್ಯೆಯಾಗುವುದಿಲ್ಲ! ಪೈಥಾನ್, ಗೋ, ರಸ್ಟ್ ಭಾಷೆಗಳು ಇದನ್ನು ತಿದ್ದಿಕೊಂಡವು. ಸಿಗೆ ಆ ದಾರಿ ಮುಚ್ಚಿಹೋಗಿತ್ತು.

ಮೇಲು–ಕೀಳೇ ಬೇಡ ಎಂದವರೂ ಇದ್ದಾರೆ. ಕೆನೆತ್ ಐವರ್ಸನ್ ಅವರ ಎಪಿಎಲ್‌ನಲ್ಲಿ ಎಲ್ಲ ಚಿಹ್ನೆಗಳೂ ಸಮಾನ, ಲೆಕ್ಕ ಬಲದಿಂದ ಎಡಕ್ಕೆ. 2 × 3 + 4 ಅಲ್ಲಿ 14. ಸ್ಮಾಲ್‌ಟಾಕ್‌ನಲ್ಲಿ ಎಡದಿಂದ ಬಲಕ್ಕೆ. 2 + 3 * 4 ಅಲ್ಲಿ 20. ಹ್ಯಾಸ್ಕೆಲ್ ಇದಕ್ಕೆ ವಿರುದ್ಧ: ಹೊಸ ಚಿಹ್ನೆ ಹುಟ್ಟಿಸಿದವರೇ ಅದಕ್ಕೆ 0ಯಿಂದ 9ರವರೆಗೆ ಒಂದು ಅಂಕೆ ಕೊಡಬಹುದು.

ನನಗೆ ಹೆಚ್ಚು ವಿವೇಕದ್ದೆನಿಸುವುದು ಸ್ವಿಫ್ಟ್ ಹಿಡಿದ ದಾರಿ. ಮೊದಲು ಅಲ್ಲೂ 0–255ರ ಅಂಕೆಗಳಿದ್ದವು. ಅಂಕೆ ಕೊಟ್ಟೊಡನೆ ಪರಿಚಯವೇ ಇಲ್ಲದ ಎರಡು ಚಿಹ್ನೆಗಳ ನಡುವೆಯೂ ಹೆಚ್ಚು–ಕಡಿಮೆ ಹುಟ್ಟಿಬಿಡುತ್ತದೆ. 2016ರ ಸ್ವಿಫ್ಟ್ 3 ಅಂಕೆಗಳನ್ನು ಕೈಬಿಟ್ಟಿತು. ಈಗ ಚಿಹ್ನೆಗಳನ್ನು ಗುಂಪುಗಳಲ್ಲಿಟ್ಟು, ಈ ಗುಂಪು ಆ ಗುಂಪಿಗಿಂತ ಮೇಲೆ ಎಂದಷ್ಟೇ ಹೇಳಬೇಕು. ಸಂಬಂಧ ಹೇಳದ ಎರಡು ಚಿಹ್ನೆಗಳು ಎದುರಾದರೆ ಕಂಪೈಲರ್ ಊಹಿಸುವುದಿಲ್ಲ, ಆವರಣ ಹಾಕು ಎನ್ನುತ್ತದೆ. ಎಲ್ಲವನ್ನೂ ಒಂದೇ ಏಣಿಯ ಮೇಲೆ ನಿಲ್ಲಿಸಬೇಕಾಗಿಲ್ಲ ಎಂಬ ತಿಳಿವಳಿಕೆ ಇದರಲ್ಲಿದೆ.

ಅರ್ಥ ಕೊಡುವ ಸ್ವಾತಂತ್ರ್ಯ ಒಬ್ಬರದು. ಸರದಿ ಎಲ್ಲರ ಒಪ್ಪಂದ. ಹೊಸ ಚಿಹ್ನೆ ರಚಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು. ಒಪ್ಪಂದ ಇದೆಯೋ ಇಲ್ಲವೋ ಎಂಬ ಅನುಮಾನ ಬಂದಲ್ಲೆಲ್ಲ ಒಂದು ಜೊತೆ ಆವರಣ ಹಾಕಿಬಿಡಿ. ನಾಳೆ ಅದನ್ನು ಓದುವವರಿಗೆ ನಿಮ್ಮ ಮನಸ್ಸಿನಲ್ಲಿದ್ದದ್ದು ತಿಳಿಯಲು ಬೇರೆ ದಾರಿಯಿಲ್ಲ.