ನೋವಿನ ನೆಲೆ ಯಾವುದು?

ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆ, ಅಂದರೆ ಡಿಸ್ಕ್, ಜರುಗಿ ಎದೆಭಾಗದ ಕೊನೆಯ ಅಥವಾ ಸೊಂಟದ ಮೊದಲ ನರಬೇರುಗಳನ್ನು ಒತ್ತಿದಾಗ, ವಿರಳವಾಗಿಯಾದರೂ ನೋವು ವೃಷಣದಲ್ಲಿ ಕಾಣಿಸಿಕೊಳ್ಳುವುದುಂಟು; ತೊಡೆಸಂದಿಗೂ ವೃಷಣಚೀಲಕ್ಕೂ ಇಳಿಯುವ ನರಗಳು ಸೊಂಟದ ಮೊದಲೆರಡು ನರಬೇರುಗಳಿಂದ ಹೊರಡುವುದೇ ಇದಕ್ಕೆ ಕಾರಣ. (ಹಠಾತ್ತನೆ ಎದ್ದ ತೀವ್ರ ನೋವಿನ ಮಾತು ಬೇರೆ, ವೃಷಣವೇ ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು, ಅಲ್ಲಿ ತತ್ತ್ವಚರ್ಚೆಗೆ ಎಡೆಯಿಲ್ಲ.) ಮುಟ್ಟಿದರೆ ಬಾವಿಲ್ಲ, ಸ್ಕ್ಯಾನಿಂಗಿನಲ್ಲಿ ದೋಷವಿಲ್ಲ, ಆದರೂ ರೋಗಿಯ ಕೈ ಅಲ್ಲಿಗೇ ಹೋಗುತ್ತದೆ ಎಂದಾದರೆ ನೋವು ನಿಜವಾಗಿ ಇರುವುದೆಲ್ಲಿ?

ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್ 1641ರಲ್ಲಿಯೇ, ಕತ್ತರಿಸಿ ಹೋದ ಅಂಗದಲ್ಲಿ ನೋವು ತೋರುವುದನ್ನು ಮುಂದಿಟ್ಟು, ಒಳಗಿನ ಅನುಭವವೂ ನೆಲೆಯ ವಿಷಯದಲ್ಲಿ ತಪ್ಪಬಹುದೆಂದು ವಾದಿಸಿದ. ನಮ್ಮ ದರ್ಶನಗಳಲ್ಲಿ, ನ್ಯಾಯ-ವೈಶೇಷಿಕರ ಪ್ರಕಾರ ದುಃಖವು ಆತ್ಮದ ಗುಣ, ದೇಹವು ಭೋಗಾಯತನ, ಎಂದರೆ ಅನುಭವಿಸುವ ತಾಣ ಮಾತ್ರ. ಹುಬ್ಬಳ್ಳಿಯಲ್ಲಿ 1929ರವರೆಗೆ ಬದುಕಿದ್ದ ಸಿದ್ಧಾರೂಢರು ಬೋಧಿಸಿದ ಅದ್ವೈತವು ಇದನ್ನು ಒಪ್ಪದು. ಅದರ ದೃಷ್ಟಿಯಲ್ಲಿ ನೋವು ಅಂತಃಕರಣದ, ಅಂದರೆ ಮನಸ್ಸು-ಬುದ್ಧಿಗಳ ಧರ್ಮವಾಗಿದ್ದು, ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುವ ಅಧ್ಯಾಸದಿಂದ ಆತ್ಮದ್ದೆಂದು ತೋರುತ್ತದೆ. ಬೆನ್ನಿನ ಬಾಧೆ ವೃಷಣದ್ದೆಂದು ತೋರುವುದು ಅಧ್ಯಾಸಕ್ಕೆ ಒಳ್ಳೆಯ ದೃಷ್ಟಾಂತವೇ ಸರಿ, ಆದರೆ ಅದನ್ನು ಹೆಚ್ಚು ಎಳೆಯಬಾರದು: ಹಗ್ಗವನ್ನು ತಿಳಿದೊಡನೆ ಹಾವಿನ ಭ್ರಮೆ ಅಳಿಯುತ್ತದೆ, ಎಮ್‌ಆರ್‌ಐ ಚಿತ್ರದಲ್ಲಿ ಜರುಗಿದ ಡಿಸ್ಕನ್ನು ಕಣ್ಣಾರೆ ಕಂಡ ರೋಗಿಗೆ ಮಾತ್ರ ನೋವು ಇದ್ದಲ್ಲಿಯೇ ಇರುತ್ತದೆ. ತಪ್ಪಿರುವುದು ನೆಲೆಯ ತಿಳಿವಳಿಕೆಯೇ ಹೊರತು ನೋವಲ್ಲವಾದ್ದರಿಂದ, ಅದನ್ನು ಮನಸ್ಸಿನ ಕಲ್ಪನೆಯೆಂದು ತಳ್ಳಿಹಾಕಲು ವೇದಾಂತದ ಹೆಸರು ಹೇಳುವವರಿಗೆ ವೇದಾಂತದ ಬೆಂಬಲವಿಲ್ಲ. ವ್ಯಾವಹಾರಿಕ ಸತ್ಯವನ್ನು, ಅಂದರೆ ದಿನಬಳಕೆಯ ಲೋಕದ ಸತ್ಯವನ್ನು, ಅದ್ವೈತದ ಆಚಾರ್ಯರಾದ ಶಂಕರರೂ ಅಲ್ಲಗಳೆದವರಲ್ಲ.