ಆರನೆಯ ಸೂತಕ ನಮಗೆ ಬೇಡ

ಓಂ ಶ್ರೀ ಗುರು ಬಸವಲಿಂಗಾಯ ನಮಃ



ಶ್ರಾವಣ ಮಾಸದಲ್ಲಿ ರಾಯದುರ್ಗ ಸೀಮೆಯ ಒಂದು ಹಳ್ಳಿಯಲ್ಲಿ ಪ್ರವಚನ ಮುಗಿದು ಪ್ರಸಾದಕ್ಕೆ ಪಂಕ್ತಿ ಕೂತಿತ್ತು. ಒಬ್ಬ ತರುಣ ಮಾತ್ರ ಹೊರಗೆ, ಚಪ್ಪಲಿ ಬಿಡುವ ಕಡೆ ನಿಂತಿದ್ದ. "ಒಳಗೆ ಬಾ ತಮ್ಮಾ" ಎಂದು ಕರೆದೆವು. "ಬ್ಯಾಡ ಬುದ್ಧೀ, ನಾನಿಲ್ಲೇ ಇರ್ತೀನಿ. ನನಗೆ ತಲೆ ಕೆಟ್ಟಿತ್ತು. ಲಿಂಗಾನೂ ತೆಗೆದು ಅವ್ವನ ಕೈಗೆ ಕೊಟ್ಟೀನಿ. ನನ್ನಂಥವನ ಮೈಮ್ಯಾಲೆ ಅದು ಇರಬಾರದು" ಎಂದ.

ವಿಚಾರಿಸಿದೆವು. ಲಿಂಗ ತೆಗೆ ಎಂದು ಮನೆಯವರು ಹೇಳಿರಲಿಲ್ಲ. ಹೊರಗೆ ನಿಲ್ಲು ಎಂದು ಊರವರೂ ಹೇಳಿರಲಿಲ್ಲ. ತೀರ್ಪು ಕೊಟ್ಟವನೂ ಅವನೇ, ಶಿಕ್ಷೆ ಅನುಭವಿಸುವವನೂ ಅವನೇ ಆಗಿದ್ದ.

ಬಂಧುಗಳೇ, ನಮ್ಮ ಧರ್ಮ ಪಂಚಸೂತಕಗಳನ್ನು ಒಪ್ಪುವುದಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದೂ ಲಿಂಗವಂತನಿಗೆ ಸೋಂಕುವುದಿಲ್ಲ. ಬಾಣಂತಿ ಲಿಂಗಪೂಜೆ ಮಾಡುತ್ತಾಳೆ. ಸಾವಾದ ಮನೆಯಲ್ಲಿ ಪೂಜೆ ನಿಲ್ಲುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಲೋಕದ ನಿಂದೆ ಹೊತ್ತು ನಮಗೆ ಗಳಿಸಿಕೊಟ್ಟ ಬಿಡುಗಡೆ ಇದು. ಅವರು ಐದನ್ನು ಕಳೆದರು. ನಾವು ರೋಗವೆಂಬ ಆರನೆಯ ಸೂತಕವನ್ನು ಹುಟ್ಟಿಸಿಕೊಂಡರೆ ಅವರಿಗೆ ಏನು ಉತ್ತರ ಹೇಳೋಣ?

ಈ ಸೂತಕ ಒಂದೇ ದಿನಕ್ಕೆ ಅಂಟುವುದಿಲ್ಲ. "ತಲೆ ಕೆಟ್ಟವರನ್ನು ನಂಬಬಾರದು, ಅವರ ಕೈಲಿ ಏನೂ ಆಗದು" ಎಂಬ ಮಾತು ಮನುಷ್ಯನ ಕಿವಿಗೆ ಚಿಕ್ಕಂದಿನಿಂದ ಬೀಳುತ್ತಲೇ ಇರುತ್ತದೆ. ಆಗ ಅದು ಬೇರೆ ಯಾರದೋ ಮಾತು. ಕೇಳಿ ಕೇಳಿ ಅದು ನಿಜವೆನಿಸುತ್ತದೆ. ಮುಂದೆ ತನಗೇ ಬೇನೆ ಬಂದಾಗ, ಆ ಮಾತು ಹುಡುಕಿಕೊಂಡು ಬಂದು ತನ್ನ ಎದೆಯಲ್ಲೇ ಕೂರುತ್ತದೆ. ಕೊನೆಗೆ, "ಔಷಧ ಯಾಕೆ, ದುಡಿಮೆ ಯಾಕೆ, ಮದುವೆ ಯಾಕೆ, ನಾನಿದ್ದು ಯಾರಿಗೆ ಏನು" ಎಂಬಲ್ಲಿಗೆ ಮುಟ್ಟುತ್ತದೆ. ಬೇನೆಯನ್ನು ಮಾತ್ರೆ ಇಳಿಸುತ್ತಿದ್ದರೂ ಈ ನಾಚಿಕೆ ಮನುಷ್ಯನನ್ನು ಮೇಲೇಳಗೊಡುವುದಿಲ್ಲ.

ನೀವು ರೈತರು. ಶೇಂಗಾಕ್ಕೆ ಎಲೆಚುಕ್ಕೆ ರೋಗ ಬಂದರೆ ಔಷಧ ಹೊಡೆಯುತ್ತೀರಿ. ಆ ಹೊಲಕ್ಕೆ ರೋಗದ ಹೆಸರಿಟ್ಟು ಬೀಳು ಬಿಡುವುದಿಲ್ಲ. ಸಕ್ಕರೆ ಕಾಯಿಲೆಯ ಸಾಹುಕಾರನನ್ನು ಸಾಹುಕಾರ ಎಂದೇ ಕರೆಯುತ್ತೀರಿ. ಮನಸ್ಸಿಗೆ ಬೇನೆ ಬಂದವನಿಗೆ ಮಾತ್ರ ಹೆಸರು ಹೋಗಿ "ಹುಚ್ಚ" ಎಂಬ ಒಂದೇ ಮಾತು ಉಳಿಯುತ್ತದೆ. ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೇನಿಯಾ, ತಿಂಗಳುಗಟ್ಟಲೆ ಉಬ್ಬಿ ಮತ್ತೆ ಕುಗ್ಗುವ ಬೈಪೋಲಾರ್ ಬೇನೆ, ಇವು ಪಾಪದ ಫಲವಲ್ಲ, ಮಾಟವೂ ಅಲ್ಲ. ಚಿಕಿತ್ಸೆಯುಳ್ಳ ರೋಗಗಳು. ಕೆಲವರು ಪೂರ್ಣ ಗುಣವಾಗುತ್ತಾರೆ. ಕೆಲವರು ಬಹುಕಾಲ ಔಷಧ ತೆಗೆದುಕೊಳ್ಳುತ್ತ ಒಕ್ಕಲುತನ, ಅಂಗಡಿ, ಸಂಸಾರ ಎಲ್ಲ ನಡೆಸುತ್ತಾರೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಒಬ್ಬ ತಾಯಿ ಮಗನನ್ನು ಮಠಕ್ಕೆ ಕರೆತಂದಾಗ ನಾವು ವಿಭೂತಿ ಹಚ್ಚಿ, ಆಶೀರ್ವದಿಸಿ ಕಳಿಸಿದೆವು. ವೈದ್ಯರಿಗೆ ತೋರಿಸಿದಿರಾ ಎಂದು ಕೇಳಲಿಲ್ಲ. ಆ ಮೌನ ಈಗಲೂ ಚುಚ್ಚುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಜನ. ಗುಣವಾಗಲಿ ಎಂಬ ನಂಬಿಕೆಯಿಂದಲೇ ಮನೆಯವರು ಅವರನ್ನು ಅಲ್ಲಿ ಬಿಟ್ಟಿದ್ದರು. ಚಿಕಿತ್ಸೆಯಿಲ್ಲದ ನಂಬಿಕೆ ಎಲ್ಲಿಗೆ ಒಯ್ಯುತ್ತದೆಂದು ಎಲ್ಲ ಮತದವರೂ ಕಲಿಯಬೇಕಾದ ಪಾಠವಿದು. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಘನತೆಯಿಂದ ಬಾಳುವುದು, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕು ಎಂದಿದೆ. ಕಬ್ಬಿಣದ ಸರಪಳಿಯನ್ನು ಕಾಯಿದೆ ಬಿಚ್ಚಿಸಬಹುದು. ಮನಸ್ಸಿನೊಳಗಿನ ಸರಪಳಿಯನ್ನು ನಾವೇ ಬಿಚ್ಚಬೇಕು.

1953ರವರೆಗೆ ನಮ್ಮ ರಾಯದುರ್ಗ, ಆದೋನಿ ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅದೇ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 1996ರಲ್ಲಿ ದೇಶದ ಜಿಲ್ಲೆಗಳಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರಿನಿಂದ 14416 ಎಂಬ ದೂರವಾಣಿ ಸೇವೆಯೂ ಇದೆ. ಹಣವಿಲ್ಲದೆ, ಹಗಲು ರಾತ್ರಿ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಬೇನೆ ಉಂಡವರಿಗೆ ನಮ್ಮ ಮಾತು ಇಷ್ಟು. ಮಾತ್ರೆ ನುಂಗಿ ಲಿಂಗಪೂಜೆಗೆ ಕೂಡಿರಿ. ಒಂದಕ್ಕೊಂದು ಅಡ್ಡಿಯಿಲ್ಲ. ಹಗುರಾಯಿತೆಂದೋ, ಶ್ರಾವಣದ ಉಪವಾಸವೆಂದೋ ವೈದ್ಯರನ್ನು ಕೇಳದೆ ಔಷಧ ಬಿಡಬೇಡಿರಿ. ಬೇನೆಯನ್ನು ಊರಿಗೆಲ್ಲ ಹೇಳಬೇಕಿಲ್ಲ. ನಂಬುಗೆಯ ಒಬ್ಬರಿಗಾದರೂ ಹೇಳಿರಿ. ಗುಣವಾಗಿ ದುಡಿಯುತ್ತಿರುವ ಇನ್ನೊಬ್ಬರನ್ನು ಕಂಡು ಮಾತಾಡಿರಿ. ಅವರ ಬಾಳು ಕೊಡುವ ಧೈರ್ಯವನ್ನು ನಮ್ಮ ಪ್ರವಚನ ಕೊಡಲಾರದು.

ಮನೆಯವರು ಅವರಿಗೆ ಕಾಯಕ ಕೊಡಿರಿ. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿ ಆಯುತ್ತಿದ್ದರು. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆಯುತ್ತಿದ್ದರು. ಕಲ್ಯಾಣದಲ್ಲಿ ಯಾರೂ ಕಾಯಕವನ್ನು ಸಣ್ಣದು ದೊಡ್ಡದೆಂದು ಅಳೆಯಲಿಲ್ಲ. ಇವತ್ತು ದನಕ್ಕೆ ನೀರು ಕುಡಿಸಲಿ, ನಾಳೆ ಅಂಗಡಿಯಲ್ಲಿ ತಕ್ಕಡಿ ಹಿಡಿಯಲಿ. ಮಾಡಿದ್ದಕ್ಕೆ ಕೂಲಿ ಕೊಡಿರಿ, ಕರುಣೆಯ ಕಾಸು ಬೇಡ. ಮನೆಯ ವಿಚಾರದಲ್ಲಿ ಅವರ ಮಾತನ್ನೂ ಕೇಳಿರಿ.

ಆ ತರುಣ ಅಂದು ಬಹಳ ಹೊತ್ತಿನ ಮೇಲೆ ಒಳಗೆ ಬಂದು ಪಂಕ್ತಿಯ ಕೊನೆಗೆ ಕೂತ. ಈಗ ಪ್ರತಿ ಸೋಮವಾರ ದಾಸೋಹದಲ್ಲಿ ನೀರು ಬಡಿಸುತ್ತಾನೆ. ಲಿಂಗ ಇನ್ನೂ ಅವ್ವನ ಹತ್ತಿರವೇ ಇದೆ. ನಾವು ಅವಸರ ಮಾಡಿಲ್ಲ. ಅವನು ಲಿಂಗವನ್ನು ಬಿಟ್ಟಿರಬಹುದು, ಲಿಂಗ ಅವನನ್ನು ಬಿಟ್ಟಿಲ್ಲ. ಕೈ ಚಾಚುವ ದಿನ ಬಂದೇ ಬರುತ್ತದೆ. ಅಲ್ಲಿಯವರೆಗೆ ಬಾಗಿಲು ತೆರೆದಿಡುವುದು ನಮ್ಮ ನಿಮ್ಮೆಲ್ಲರ ಕಾಯಕ.

ಬಸವಾದಿ ಪ್ರಮಥರು ಎಲ್ಲರಿಗೂ ಸನ್ಮಂಗಳವನ್ನುಂಟುಮಾಡಲಿ.