ರೋಗಕ್ಕೆ ಹೊಣೆ ಯಾರು?

ಮನೆಯಲ್ಲಿ ಒಬ್ಬರಿಗೆ ದೊಡ್ಡ ರೋಗ ಬಂದರೆ ಔಷಧಕ್ಕಿಂತ ಮೊದಲು ಒಂದು ಮಾತು ಬರುತ್ತದೆ: “ಯಾವ ಜನ್ಮದ ಪಾಪವೋ!” ಚರ್ಮದ ರೋಗವಾದರಂತೂ ಕೇಳುವುದೇ ಬೇಡ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಬಾಯಿಗೂ ಬೀಳುತ್ತದೆ. ರೋಗಿಯ ತಟ್ಟೆ ಲೋಟ ಬೇರೆಯಾಗುತ್ತವೆ.

ಇಂಥ ರೋಗಗಳಲ್ಲೊಂದು ಮೈಕೋಸಿಸ್ ಫಂಗಾಯ್ಡಿಸ್. 1806ರಲ್ಲಿ ಪ್ಯಾರಿಸಿನ ವೈದ್ಯ ಅಲಿಬೇರ್ ಇದನ್ನು ಮೊದಲು ವರ್ಣಿಸಿದರು. ಗಂಟುಗಳು ಅಣಬೆಯಂತೆ ಕಂಡದ್ದರಿಂದ ಮುಂದೆ ಈ ಹೆಸರು ಬಂತು. ಬೂಷ್ಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ಅಂಟುರೋಗವೂ ಅಲ್ಲ. ನಮ್ಮನ್ನು ಸೋಂಕಿನಿಂದ ಕಾಯಬೇಕಾದ ಟಿ-ಜೀವಕೋಶಗಳೇ ಕೆಟ್ಟು ಚರ್ಮದಲ್ಲಿ ನೆಲೆಯೂರುವ ಕ್ಯಾನ್ಸರ್ ಇದು. ಮೊದಮೊದಲು ಇಸುಬಿನಂತೆ ಕಾಣುವುದರಿಂದ ವರ್ಷಗಟ್ಟಲೆ ಗುರುತು ಹತ್ತದಿರುವುದೂ ಉಂಟು.

ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಹಾಗಾದರೆ ತಪ್ಪು ರೋಗಿಯದೇ? ನಾವು ಎಡವುವುದು ಇಲ್ಲೇ. ‘ತನ್ನದು’ ಎಂಬುದಕ್ಕೂ ‘ತಾನು ಮಾಡಿದ್ದು’ ಎಂಬುದಕ್ಕೂ ಅಂತರವಿದೆ. ಪಾಪವೆನ್ನಬೇಕಾದರೆ ಮಾಡಿದವನಲ್ಲಿ ಅರಿವು ಬೇಕು, ಇಚ್ಛೆ ಬೇಕು. ಜೀವಕೋಶಕ್ಕೆ ಅವೆರಡೂ ಇಲ್ಲ. ಅದರ ತಪ್ಪಿಗೆ ಅದನ್ನು ಹೊತ್ತ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೆ? ಹಿಂದಿನ ಜನ್ಮದ ಫಲ ಎನ್ನುವಿರಾ? ಕರ್ಮವನ್ನು ನಂಬುವವರಿಗೂ ಅದು ತಮ್ಮ ನಡತೆಯನ್ನು ತಿದ್ದಿಕೊಳ್ಳುವುದಕ್ಕೆ ಇರುವ ಮಾತು. ಪಕ್ಕದವರನ್ನು ಅಳೆಯುವ ಕೋಲಲ್ಲ.

ಈ ರೋಗದ ಹೊಸ ಚಿಕಿತ್ಸೆಯೊಂದು ನನ್ನನ್ನು ಯೋಚನೆಗೆ ಹಚ್ಚಿದೆ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವೈದ್ಯರು ರೆಸಿಕ್ವಿಮಾಡ್ ಎಂಬ ಲೇಪವನ್ನು ರೋಗದ ಆರಂಭದ ಹಂತದಲ್ಲಿದ್ದ 12 ಜನರಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೇಪದ ಮುಖ್ಯ ಕೆಲಸ ಕೆಟ್ಟ ಕೋಶವನ್ನು ತಾನೇ ಸುಡುವುದಲ್ಲ. ಮೈಯೊಳಗೆ ಉಳಿದಿರುವ ಒಳ್ಳೆಯ ಕಾವಲುಗಾರರನ್ನು ಎಬ್ಬಿಸುವುದು. ಹೆಚ್ಚಿನವರ ಮಚ್ಚೆಗಳು ಇಳಿದವು. ಕೆಲವರಲ್ಲಿ ಲೇಪ ಹಚ್ಚದ ಕಡೆಯೂ ಗುಣ ಕಂಡಿತು. ಕೆಟ್ಟದ್ದೂ ಆ ಮೈಯೇ, ತಿದ್ದಿಕೊಂಡದ್ದೂ ಆ ಮೈಯೇ. ಅದಕ್ಕೆ ‘ಪಾಪಿ’ ಎಂಬ ಹೆಸರಿಡಲು ನಾವು ಯಾರು?

ಹಾಗೆಂದು ರೋಗಿಯ ಮುಂದೆ ಅತಿಯಾಗಿ ಆಡುವುದೂ ಸಲ್ಲದು. 12 ಜನರ ಅನುಭವ ಆಸೆ ಹುಟ್ಟಿಸಲು ಸಾಕು, ಮಾತು ಕೊಡಲು ಸಾಲದು. ಸುಳ್ಳು ಆರೋಪದಂತೆ ಸುಳ್ಳು ಧೈರ್ಯವೂ ಅನ್ಯಾಯವೇ.

ಊರು ಬಿಟ್ಟು ಬಂದ ನಮ್ಮ ಎರಡು ಕೋಣೆಯ ಮನೆಗಳಲ್ಲಿ ರೋಗಿಯನ್ನು ದೂರವಿಡಲು ಜಾಗವಿಲ್ಲ. ಮನಸ್ಸಿನಲ್ಲೂ ಆ ಜಾಗ ಇಲ್ಲದಿರಲಿ. ಇಂಥ ರೋಗ ಬಂದದ್ದಕ್ಕೆ ಯಾರೂ ಹೊಣೆಯಲ್ಲ. ಬಂದ ಮೇಲೆ ಆರೈಕೆಗೆ ಮಾತ್ರ ಮನೆಯವರೆಲ್ಲರೂ ಹೊಣೆ.